ನೋಟದ ಮೊದಲ ತಿರುವು

ನುಗ್ಗೆಸೊಪ್ಪು ಕಣ್ಣಿಗೆ ಒಳ್ಳೆಯದು ಎಂದು ಮನೆಯ ಹಿರಿಯರು ಹೇಳುತ್ತಾರೆ. ಆ ಮಾತಿನ ಹಿಂದೆ ರೆಟಿನಾಲ್ ಎಂಬ ಪುಟ್ಟ ಅಣುವಿದೆ. ಸೊಪ್ಪಿನ ಕೆರೋಟಿನ್ ದೇಹದಲ್ಲಿ ‘ಎ’ ಜೀವಸತ್ವವಾಗಿ, ಮುಂದೆ ರೆಟಿನಾಲ್ ಆಗಿ, ಅಕ್ಷಿಪಟಲದ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ಪ್ರೋಟೀನಿನ ಮಡಿಲು ಸೇರುತ್ತದೆ. ಅದು ಸಾಲದಾದರೆ ಇರುಳುಗುರುಡು ಬರುತ್ತದೆ. ಕತ್ತಲಲ್ಲಿ ಈ ಅಣು ನಡುವೆ ಬಾಗಿರುತ್ತದೆ, ಬೆಳಕು ತಾಗಿದೊಡನೆ ನೆಟ್ಟಗಾಗುತ್ತದೆ. ನೋಟ ಶುರುವಾಗುವುದೇ ಆ ತಿರುವಿನಿಂದ. ಹಾರ್ವರ್ಡಿನ ಜಾರ್ಜ್ ವಾಲ್ಡ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. 1967ರ ವೈದ್ಯಕೀಯ ನೊಬೆಲ್‌ನಲ್ಲಿ ವಾಲ್ಡ್ ಪಾಲು ಪಡೆದರು.

ಆ ತಿರುವು ಎಷ್ಟು ಹೊತ್ತಿನಲ್ಲಿ ಆಗುತ್ತದೆ? ಆಗುವಾಗ ಯಾವ ಪರಮಾಣು ಮೊದಲು ಅಲುಗುತ್ತದೆ? ಇದಕ್ಕೆ ಉತ್ತರ ಹುಡುಕಲು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ರಿಚರ್ಡ್ ಮ್ಯಾಥೀಸ್ ಮೂರು ದಶಕ ದುಡಿದರು.

ಅವರ ಕೈಗೆ ಸಿಕ್ಕ ಸಾಧನ ನಮ್ಮ ದೇಶದ್ದು. ಅಣುವಿಗೆ ತಾಗಿ ಚದುರುವ ಬೆಳಕಿನಲ್ಲಿ ಸ್ವಲ್ಪ ಭಾಗ ಬಣ್ಣ ಬದಲಿಸುತ್ತದೆ, ಆ ಬದಲಾವಣೆಯಲ್ಲಿ ಅಣುವಿನ ಕಂಪನದ ಗುರುತು ಇರುತ್ತದೆ. ಇದನ್ನು ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡರು, 1933ರಲ್ಲಿ ಬೆಂಗಳೂರಿಗೆ ಬಂದರು. ಆದರೆ ರಾಮನ್ ಚದುರಿಕೆ ತೀರ ಕ್ಷೀಣ. 1960ರಲ್ಲಿ ಲೇಸರ್ ಹುಟ್ಟಿದ ಮೇಲೆಯೇ ಪ್ರೋಟೀನಿನಂಥ ಜಟಿಲ ವಸ್ತುವನ್ನು ಈ ಬಗೆಯಲ್ಲಿ ಪರೀಕ್ಷಿಸುವುದು ಕೈಗೂಡಿತು.

ರೊಡಾಪ್ಸಿನ್‌ನ ತೊಡಕೇ ಬೇರೆ. ಅದು ಬೆಳಕಿಗೆ ಬದಲಾಗುವ ವಸ್ತು, ಆದ್ದರಿಂದ ನೋಡಲೆಂದು ಹಾಯಿಸಿದ ಲೇಸರ್ ಕಿರಣವೇ ನೋಡಬೇಕಾದ್ದನ್ನು ಕೆಡಿಸುತ್ತದೆ. ಲ್ಯೂಬರ್ಟ್ ಸ್ಟ್ರೈಯರ್ ಅವರ ಜೊತೆಗಿದ್ದಾಗ ಮ್ಯಾಥೀಸ್ ಇದಕ್ಕೊಂದು ಸರಳ ಉಪಾಯ ಕಂಡರು: ದ್ರಾವಣವನ್ನು ರಭಸವಾಗಿ ಹರಿಯಬಿಡುವುದು. ಹರಿವು ಬಿರುಸಾಗಿದ್ದರೆ ಪ್ರತಿ ಅಣುವೂ ಕಿರಣವನ್ನು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ದಾಟಿಹೋಗುತ್ತದೆ, ಹೆಚ್ಚಿನವು ಬದಲಾಗದೆ ಉಳಿಯುತ್ತವೆ. 1976ರಲ್ಲಿ ಈ ವಿಧಾನ ಪ್ರಕಟವಾಯಿತು. ದುಬಾರಿ ಯಂತ್ರಕ್ಕಿಂತ ಇಂಥ ಚುರುಕು ಯೋಚನೆಯೇ ಮುಂದಿನ ಎಲ್ಲ ಕೆಲಸಕ್ಕೂ ತಳಪಾಯ ಹಾಕಿತೆನ್ನಬೇಕು.

ಅಷ್ಟರಲ್ಲಿ ರೊಡಾಪ್ಸಿನ್‌ಗೆ ಒಬ್ಬ ದಾಯಾದಿ ಸಿಕ್ಕಿದ್ದ. ಉಪ್ಪಿನ ನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಯೊಂದರ ನೇರಳೆ ಪೊರೆಯಲ್ಲೂ ರೆಟಿನಾಲ್ ಹೊತ್ತ ಪ್ರೋಟೀನ್ ಇದೆಯೆಂದು 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೊಕೇನಿಯಸ್ ವರದಿ ಮಾಡಿದರು. ಈ ಬ್ಯಾಕ್ಟೀರಿಯೊರೊಡಾಪ್ಸಿನ್ ನೋಡುವುದಿಲ್ಲ. ಬಿಸಿಲಿನ ಬಲದಿಂದ ಪ್ರೋಟಾನುಗಳನ್ನು ಹೊರಕ್ಕೆ ತಳ್ಳಿ ಜೀವಿಗೆ ಶಕ್ತಿ ಒದಗಿಸುತ್ತದೆ. ಗಟ್ಟಿಮುಟ್ಟಾದ್ದರಿಂದ ಪ್ರಯೋಗಕ್ಕೂ ಒಗ್ಗುತ್ತದೆ. 1988ರಲ್ಲಿ ಮ್ಯಾಥೀಸ್, ಚಾರ್ಲ್ಸ್ ಶ್ಯಾಂಕ್ ಮತ್ತಿತರರು ಇದರ ರೆಟಿನಾಲ್ ಸುಮಾರು 500 ಫೆಮ್ಟೊಸೆಕೆಂಡುಗಳಲ್ಲಿ ತಿರುಗುವುದನ್ನು ಅಳೆದರು. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ಫೆಮ್ಟೊಸೆಕೆಂಡ್.

ಕಣ್ಣಿನ ಸರದಿ 1991ರಲ್ಲಿ ಬಂತು. ದನದ ಕಣ್ಣಿನ ರೊಡಾಪ್ಸಿನ್ ಮೇಲೆ 35 ಫೆಮ್ಟೊಸೆಕೆಂಡಿನ ಬೆಳಕಿನ ಮಿಡಿತ ಹಾಯಿಸಿದಾಗ, ಬರೀ 200 ಫೆಮ್ಟೊಸೆಕೆಂಡುಗಳಲ್ಲಿ ಹೊಸ ಅಣುರೂಪದ ಗುರುತು ಕಾಣಿಸಿತು. ಅಷ್ಟು ಹೊತ್ತಿನಲ್ಲಿ ಬೆಳಕೇ ಒಂದು ಕೂದಲೆಳೆಯ ದಪ್ಪದಷ್ಟು ದೂರ ಮಾತ್ರ ಸಾಗುತ್ತದೆ! ಪ್ರೋಟೀನಿನ ಹೊರಗೆ, ಬರಿಯ ದ್ರಾವಣದಲ್ಲಿ, ಇದೇ ತಿರುವು ಇನ್ನೂ ನಿಧಾನ, ಸಫಲವಾಗುವುದೂ ಕಡಿಮೆ. ರೊಡಾಪ್ಸಿನ್ ಒಳಗೆ ಹೀರಲ್ಪಟ್ಟ ನೂರು ಬೆಳಕಿನ ಕಣಗಳಲ್ಲಿ ಸುಮಾರು 65 ಕೆಲಸ ಮಾಡುತ್ತವೆ. ನಸುಗತ್ತಲಲ್ಲೂ ನಮಗೆ ದಾರಿ ಕಾಣುವುದಕ್ಕೆ ಈ ದಕ್ಷತೆಯೂ ಒಂದು ಕಾರಣ.

1994ರಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ತಿರುಗಿದ ಅಣು ಒಮ್ಮೆಲೇ ಸುಮ್ಮನಾಗದೆ, ತಳ್ಳಿಬಿಟ್ಟ ಉಯ್ಯಾಲೆಯಂತೆ ತುಸು ಹೊತ್ತು ಲಯಬದ್ಧವಾಗಿ ತೂಗುತ್ತದೆ. ಆದರೂ ಇವೆಲ್ಲ ಬಣ್ಣದ ಬದಲಾವಣೆಯಿಂದ ಊಹಿಸಿದ್ದು. ಅಣುವಿನ ಆಕಾರವನ್ನೇ ಓದಬೇಕಿತ್ತು. ಅದಕ್ಕಾಗಿ ಮ್ಯಾಥೀಸ್ ತಂಡ ರಾಮನ್ ವಿಧಾನವನ್ನೇ ಫೆಮ್ಟೊಸೆಕೆಂಡ್ ವೇಗಕ್ಕೆ ಹೊಂದಿಸಿತು. 2005ರಲ್ಲಿ ರೆಟಿನಾಲ್‌ನ ಬೆನ್ನೆಲುಬು 200 ಫೆಮ್ಟೊಸೆಕೆಂಡಿನಿಂದ ಒಂದು ಪಿಕೊಸೆಕೆಂಡಿನವರೆಗೆ, ಅಂದರೆ 1000 ಫೆಮ್ಟೊಸೆಕೆಂಡಿನವರೆಗೆ, ಹೇಗೆ ಹಂತಹಂತವಾಗಿ ರೂಪ ಬದಲಿಸುತ್ತದೆಂದು ಅವರು ತೋರಿಸಿದರು. ಇಡೀ ಪಯಣದ ಶಿಖರ ಇದೇ. ಇದಕ್ಕೆ ಹತ್ತಿರದ ವಿಧಾನವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ ರೂಪಿಸಿದೆ.

ಮ್ಯಾಥೀಸ್ ಅವರ ಲೇಸರ್ ಪರಿಣತಿ ಬೇರೆಡೆಗೂ ಹರಿಯಿತು. ಅಲೆಗ್ಸಾಂಡರ್ ಗ್ಲೇಜರ್ ಅವರೊಂದಿಗೆ ಅವರು ರೂಪಿಸಿದ ಹೊಳೆವ ಬಣ್ಣಗಳು ಡಿಎನ್‌ಎ ಅಕ್ಷರಗಳನ್ನು ಓದುವ ಕೆಲಸವನ್ನು ಚುರುಕುಗೊಳಿಸಿದವು.

ರೆಟಿನಾಲ್ ಹೊತ್ತ ಪ್ರೋಟೀನುಗಳ ಸಂಸಾರವೂ ಬೆಳೆಯಿತು. 2002–03ರಲ್ಲಿ ಹಸಿರು ಪಾಚಿಯಲ್ಲಿ ಬೆಳಕಿಗೆ ಬಾಗಿಲು ತೆರೆಯುವ ಚಾನೆಲ್‌ರೊಡಾಪ್ಸಿನ್‌ಗಳ ಗುಣ ತಿಳಿಯಿತು. 2005ರಲ್ಲಿ ಅವುಗಳಿಂದ ನರಕೋಶಗಳನ್ನು ಬೆಳಕಿನಲ್ಲೇ ಚಾಲೂ ಮಾಡಲು ಬಂತು. 2021ರಲ್ಲಿ, ಅಕ್ಷಿಪಟಲದ ವಂಶವಾಹಿ ರೋಗದಿಂದ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ವ್ಯಕ್ತಿಯೊಬ್ಬರ ಕಣ್ಣಿಗೆ ಪಾಚಿಮೂಲದ ಇಂಥ ಪ್ರೋಟೀನಿನ ಜೀನ್ ಸೇರಿಸಿದ ಫಲ ಪ್ರಕಟವಾಯಿತು. ವಿಶೇಷ ಕನ್ನಡಕ ತೊಟ್ಟು ಅವರು ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿದರು, ಎಣಿಸಿದರು, ಕೈಚಾಚಿ ಮುಟ್ಟಿದರು.