ಔಷಧ ಚಾರ್ಟ್ ಪರಿಶೋಧನೆ

ಔಷಧ ಚಾರ್ಟ್ ಪರಿಶೋಧನೆ ಎಂದರೆ ಆಸ್ಪತ್ರೆಯ ಒಳರೋಗಿಗಳಿಗೆ ಬರೆದ ಮತ್ತು ನೀಡಿದ ಔಷಧಗಳ ದಾಖಲೆಯನ್ನು ನಿಗದಿತ ಮಾನದಂಡಗಳೊಂದಿಗೆ ಹೋಲಿಸಿ, ಕೊರತೆಗಳನ್ನು ಗುರುತಿಸಿ ಸರಿಪಡಿಸುವ ಕ್ರಮ. ರೋಗಿಗೆ ಅಪಾಯ ಒದಗುವ ಮೊದಲೇ ತಪ್ಪನ್ನು ತಡೆಯುವುದು ಇದರ ಉದ್ದೇಶ. ಡ್ರಗ್ ಚಾರ್ಟ್ ಅಥವಾ ಟ್ರೀಟ್‌ಮೆಂಟ್ ಚಾರ್ಟ್ ಎಂದು ಕರೆಯಲಾಗುವ ಈ ದಾಖಲೆಯನ್ನು ವೈದ್ಯರು, ಶುಶ್ರೂಷಕರು ಮತ್ತು ಫಾರ್ಮಸಿಸ್ಟರು ಮೂವರೂ ಬಳಸುತ್ತಾರೆ.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಗಳಿಂದಾಗುವ ತಡೆಯಬಹುದಾದ ಹಾನಿಯನ್ನು ತಗ್ಗಿಸುವ ಜಾಗತಿಕ ಅಭಿಯಾನವನ್ನು ಆರಂಭಿಸಿತು. ಸೆಪ್ಟೆಂಬರ್ 17ರಂದು ಆಚರಿಸುವ ವಿಶ್ವ ರೋಗಿ ಸುರಕ್ಷತಾ ದಿನದ 2022ರ ವಿಷಯವೂ ಔಷಧ ಸುರಕ್ಷತೆಯೇ ಆಗಿತ್ತು. ಭಾರತದಲ್ಲಿ ವೈದ್ಯರ ವೃತ್ತಿ ನೀತಿ ನಿಯಮಾವಳಿಗೆ 2016ರಲ್ಲಿ ತಂದ ತಿದ್ದುಪಡಿಯು ಔಷಧಗಳ ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳಿಗೆ ಅನ್ವಯಿಸುವ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಲ್ಲಿ ಔಷಧ ಚೀಟಿಗಳ ಪರಿಶೋಧನೆಯೂ ಸೇರಿದೆ. ಕರ್ನಾಟಕದಲ್ಲಿ ಮೈಸೂರಿನ ಜೆಎಸ್‌ಎಸ್ ಔಷಧ ವಿಜ್ಞಾನ ಕಾಲೇಜು 1990ರ ದಶಕದಿಂದಲೇ ಫಾರ್ಮಸಿಸ್ಟರನ್ನು ರೋಗಿಯ ಹಾಸಿಗೆಯ ಬಳಿ ಚಾರ್ಟ್ ಪರಿಶೀಲಿಸಲು ತರಬೇತುಗೊಳಿಸುತ್ತ ಬಂದಿದೆ.

ಪರಿಶೀಲಿಸುವ ಅಂಶಗಳು

- ರೋಗಿಯ ಹೆಸರು, ಒಳರೋಗಿ ಸಂಖ್ಯೆ, ವಯಸ್ಸು, ಮಕ್ಕಳಾದರೆ ತೂಕ
- ಔಷಧದ ಅಲರ್ಜಿ ಇದೆಯೇ ಎಂಬ ನಮೂದು. ಇಲ್ಲದಿದ್ದರೆ ಇಲ್ಲವೆಂದೇ ಬರೆದಿರುವುದು
- ಔಷಧದ ಹೆಸರು, ಪ್ರಮಾಣ, ನೀಡುವ ಮಾರ್ಗ, ವೇಳೆ, ಆರಂಭದ ಮತ್ತು ನಿಲ್ಲಿಸಬೇಕಾದ ದಿನಾಂಕ
- ಬರೆದ ವೈದ್ಯರ ಸಹಿ. ನೀಡಿದವರ ಸಹಿ ಮತ್ತು ಸಮಯ
- ಔಷಧ ಕೊಡದೆ ಬಿಟ್ಟಿದ್ದರೆ ಅದರ ಕಾರಣ

ಸಂಕ್ಷೇಪಾಕ್ಷರಗಳಿಗೆ ವಿಶೇಷ ಗಮನ ಕೊಡಲಾಗುತ್ತದೆ. ಇನ್ಸುಲಿನ್‌ನ ಯೂನಿಟ್ಟನ್ನು ಇಂಗ್ಲಿಷಿನ ‘ಯು’ ಅಕ್ಷರದಿಂದ ಸೂಚಿಸಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಬಹುದು. 1.0 ಎಂದು ಬರೆದುದರ ಬಿಂದು ಮಸುಕಾದರೆ 10 ಆಗುತ್ತದೆ; .5 ಎಂಬುದು 5 ಆಗುತ್ತದೆ. ಆದ್ದರಿಂದ 1 ಮತ್ತು 0.5 ಎಂದು ಬರೆಯುವುದೇ ಸರಿಯಾದ ಕ್ರಮ.

ವಿಧಾನ

ಮೊದಲು ಮಾನದಂಡಗಳನ್ನು ನಿಗದಿಪಡಿಸಿ, ಒಂದು ಅವಧಿಯ ಚಾರ್ಟ್‌ಗಳಲ್ಲಿ ಕೆಲವನ್ನು ಯಾದೃಚ್ಛಿಕವಾಗಿ ಆರಿಸಲಾಗುತ್ತದೆ. ಪ್ರತಿ ಅಂಶಕ್ಕೂ ‘ಇದೆ’ ಅಥವಾ ‘ಇಲ್ಲ’ ಎಂದು ಗುರುತಿಸಿ ಶೇಕಡಾವಾರು ಲೆಕ್ಕ ಹಾಕುತ್ತಾರೆ. ಫಲಿತಾಂಶವನ್ನು ವಾರ್ಡಿನ ಸಿಬ್ಬಂದಿಗೆ ತಿಳಿಸಿ, ಚಾರ್ಟ್‌ನ ನಮೂನೆ ಬದಲಿಸುವುದು ಅಥವಾ ತರಬೇತಿ ನೀಡುವುದು ಮುಂದಿನ ಹಂತ. ಕೆಲವು ತಿಂಗಳ ನಂತರ ಅದೇ ಮಾನದಂಡಗಳಿಂದ ಮತ್ತೆ ಪರಿಶೋಧಿಸಿದಾಗಲೇ ಸುಧಾರಣೆಯಾಗಿದೆಯೇ ಎಂಬುದು ತಿಳಿಯುತ್ತದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಹತ್ವ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಹಾಗೂ ಅಜ್ಜಂಪುರದಂತಹ ತಾಲ್ಲೂಕುಗಳಲ್ಲಿ ಹೆಚ್ಚಿನ ಚಿಕಿತ್ಸೆ ಬೇಕಾದ ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಕಳುಹಿಸಬೇಕಾಗುತ್ತದೆ. ಕಡೂರಿನಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯೂ ತರೀಕೆರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಸುಮಾರು 40 ಕಿ.ಮೀ. ದೂರದಲ್ಲಿವೆ. ಹೀಗೆ ಆಸ್ಪತ್ರೆ ಬದಲಾಗುವಾಗ ಮೊದಲ ವೈದ್ಯರಿಗೆ ತಿಳಿದದ್ದು ಎರಡನೆಯವರಿಗೆ ತಲುಪುವುದು ಬರವಣಿಗೆಯ ಮೂಲಕವೇ.

ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ ಇದಕ್ಕೆ ಉತ್ತಮ ನಿದರ್ಶನ. ರೋಗಿಯನ್ನು ಕಳುಹಿಸುವ ಮುನ್ನವೇ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಪ್ರಮಾಣವನ್ನು ನೀಡುವುದು ರೂಢಿ. ಪ್ರಮಾಣ ಮತ್ತು ಸಮಯವನ್ನು ಬರೆಯದಿದ್ದರೆ ಮುಂದಿನ ಆಸ್ಪತ್ರೆಯಲ್ಲಿ ಅದನ್ನು ಪುನಃ ಕೊಡಬಹುದು. ಔಷಧ ಅತಿಯಾದರೆ ಉಸಿರಾಟವೇ ಕುಂದುತ್ತದೆ. ಕೊಟ್ಟಿದ್ದಾರೆಂದು ಊಹಿಸಿ ಬಿಟ್ಟರೆ ಫಿಟ್ಸ್ ಮರುಕಳಿಸುತ್ತದೆ. ಮುಂದಿನ ಪ್ರತಿ ಪ್ರಮಾಣಕ್ಕೂ ಮೊದಲು ಮಂಡಿಯ ಪ್ರತಿವರ್ತನೆ, ಉಸಿರಾಟದ ವೇಗ ಹಾಗೂ ಮೂತ್ರದ ಪ್ರಮಾಣವನ್ನು ನೋಡಿ ಬರೆಯಬೇಕು. ಇವು ದಾಖಲಾಗಿವೆಯೇ ಎಂಬುದನ್ನು ಪರಿಶೋಧನೆಯಲ್ಲಿ ಸುಲಭವಾಗಿ ಅಳೆಯಬಹುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲವಾದ್ದರಿಂದ ಸಣ್ಣ ಆಸ್ಪತ್ರೆಗಳಿಗೂ ಇದು ಸಾಧ್ಯವಾದ ಕಾರ್ಯ.

ಮಿತಿಗಳು

ಚಾರ್ಟ್‌ನಲ್ಲಿ ಬರೆದದ್ದು ಮಾತ್ರ ಪರಿಶೋಧನೆಗೆ ಕಾಣುತ್ತದೆ. ಪಾಳಿಯ ಕೊನೆಯಲ್ಲಿ ಒಟ್ಟಿಗೆ ಹಾಕಿದ ಸಹಿಗಳು ಔಷಧವನ್ನು ಸಕಾಲದಲ್ಲಿ ಕೊಟ್ಟರೆಂಬುದಕ್ಕೆ ಪ್ರಮಾಣವಲ್ಲ. ಔಷಧ ನೀಡುವುದನ್ನು ಪ್ರತ್ಯಕ್ಷ ಗಮನಿಸಿದರೆ ಇನ್ನೂ ಹೆಚ್ಚು ತಪ್ಪುಗಳು ಕಂಡುಬರುತ್ತವೆ. ಪರಿಶೋಧನೆಯು ಶಿಕ್ಷೆಯ ಸಾಧನವಾದರೆ ಸಿಬ್ಬಂದಿ ತಪ್ಪುಗಳನ್ನು ಮರೆಮಾಚತೊಡಗುತ್ತಾರೆ. ಆದ್ದರಿಂದ ವರದಿಯಲ್ಲಿ ವ್ಯಕ್ತಿಗಳ ಹೆಸರನ್ನು ಬಿಟ್ಟು, ತಪ್ಪಿಗೆ ಎಡೆಮಾಡಿದ ವ್ಯವಸ್ಥೆಯನ್ನು ಚರ್ಚಿಸುವುದು ಸೂಕ್ತವೆಂದು ಪರಿಗಣಿಸಲಾಗಿದೆ.