ಮರುಳು, ಹುಚ್ಚು, ಗಾವಿಲತನ: ಒಂದು ಶಬ್ದವಿಚಾರ

ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯು ಸಂಗೀತಪುರವೆಂಬ ಹೆಸರಿನಿಂದ ಜೈನ ವಾಙ್ಮಯದಲ್ಲಿ ಪ್ರಸಿದ್ಧವಾದ ಸ್ಥಳ. ಅಲ್ಲಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವರು ೧೬೦೪ರಲ್ಲಿ ೫೯೨ ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದರು. ಕನ್ನಡವು ಶಾಸ್ತ್ರಕ್ಕೆ ಒದಗದೆಂಬ ಆಕ್ಷೇಪವನ್ನು ಅಲ್ಲಗಳೆಯುತ್ತ, ತತ್ತ್ವಾರ್ಥಮಹಾಶಾಸ್ತ್ರಕ್ಕೆ ಈ ಭಾಷೆಯಲ್ಲಿದ್ದ ೯೬,೦೦೦ ಗ್ರಂಥಪ್ರಮಾಣದ ‘ಚೂಡಾಮಣಿ’ ವ್ಯಾಖ್ಯಾನವನ್ನು ಅವರು ಸ್ಮರಿಸಿದ್ದಾರೆ. ಶಾಸ್ತ್ರವನ್ನು ಹೊರಬಲ್ಲ ಭಾಷೆಯ ಶಬ್ದಗಳನ್ನು ಬೆರಕೆ ಮಾಡದೆ ಅರ್ಥೈಸುವುದು ಹಸ್ತಪ್ರತಿ ಸಂಪಾದಕರ ಹೊಣೆ. ಚಿತ್ತವೈಕಲ್ಯವನ್ನೂ ಅವಿವೇಕವನ್ನೂ ಹೇಳುವ ಶಬ್ದಗಳಲ್ಲಿ ಈ ಎಚ್ಚರವು ವಿಶೇಷವಾಗಿ ಬೇಕು.

‘ಮರುಳ್’ ಎಂಬುದು ಹಳಗನ್ನಡದಲ್ಲಿ ಭ್ರಾಂತಿ. ರಣರಂಗದ ವರ್ಣನೆಗಳಲ್ಲಿ ಭೂತಗಣವೂ ಹೌದು. ತುಳುವಿನ ‘ಮರ್ಲ್’ ಇದರ ಬಳಗದ್ದೇ. ಕರುಳು ‘ಕಳ್ಳು’ ಆದಂತೆ ಮರುಳು ಆಡುಮಾತಿನಲ್ಲಿ ‘ಮಳ್ಳು’ ಆಗಿದೆ. ಹೊನ್ನಾವರ, ಕುಮಟಾಗಳ ಕೊಂಕಣಿಯಲ್ಲಿ ಹುಚ್ಚಿಗೆ ‘ಪಿಶೆಂ’ ಎನ್ನುತ್ತಾರೆ. ಇದು ಪಿಶಾಚ ಶಬ್ದಕ್ಕೆ ಸಂಬಂಧಿಸಿದುದು. ಬೇರೆ ಬೇರೆ ಮೂಲದ ಎರಡು ಭಾಷೆಗಳೂ ಭ್ರಾಂತಿಯನ್ನು ಭೂತದೊಡನೆ ಕೂಡಿಸಿರುವುದು ಗಮನಾರ್ಹ. ‘ಹುಚ್ಚು’ ಎಂಬುದಾದರೋ ತೆಲುಗಿನ ‘ಪಿಚ್ಚಿ’, ತಮಿಳಿನ ‘ಪಿಚ್ಚು’ಗಳ ಜೊತೆಯದು, ತಮಿಳಿನಲ್ಲಿ ಆ ಶಬ್ದಕ್ಕೆ ಪಿತ್ತವೆಂಬ ಅರ್ಥವೂ ಉಂಟು. ಒಂದು ಆವೇಶದ ಕಲ್ಪನೆ, ಇನ್ನೊಂದು ದೇಹದೋಷದ ಕಲ್ಪನೆ. ‘ಗಾವಿಲ’ನು ಇವೆರಡಕ್ಕೂ ಹೊರಗಿನವನು, ಅವನು ಹಳ್ಳಿಗ, ನಯವರಿಯದವನು.

ಕೋಶಗಳು ಇವೆಲ್ಲವನ್ನೂ ಒಂದರೊಡನೊಂದು ಪರ್ಯಾಯವಾಗಿ ಕೊಡುವುದುಂಟು. ಆಗಮಾರ್ಥಕ್ಕೆ ಇದು ಸಾಲದು. ಗೊಮ್ಮಟಸಾರದ ಕರ್ಮಕಾಂಡದಲ್ಲಿ ಜ್ಞಾನಾವರಣಕ್ಕೆ ತೆರೆಯ ಬಟ್ಟೆಯೂ ಮೋಹನೀಯಕ್ಕೆ ಮದ್ಯವೂ ದೃಷ್ಟಾಂತಗಳು. ಬಟ್ಟೆ ಮರೆಮಾಡುತ್ತದೆ; ಮದ್ಯ ವಿಪರೀತವಾಗಿ ಕಾಣಿಸುತ್ತದೆ. ದಡ್ಡತನವು ಮೊದಲನೆಯದರ ಕಡೆಗೆ, ಮರುಳು ಎರಡನೆಯದರ ಕಡೆಗೆ ಸಲ್ಲುತ್ತವೆ. ಮಹಾವಿದ್ವಾಂಸನೂ ಮರುಳಾಗಬಹುದು, ಅಕ್ಷರವರಿಯದವನೂ ಸಮ್ಯಗ್ದೃಷ್ಟಿಯಾಗಬಹುದು.

ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯವು ಮಿಥ್ಯಾಜ್ಞಾನಕ್ಕೆ ಉನ್ಮತ್ತನನ್ನು ಉಪಮಾನವಾಗಿ ಹೇಳುವುದೂ ಈ ಅಭಿಪ್ರಾಯದಿಂದಲೇ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಂತೆ, ಉನ್ಮತ್ತನು ತಾಯಿಯನ್ನು ಹೆಂಡತಿಯೆನ್ನುತ್ತಾನೆ. ಒಮ್ಮೆ ತಾಯಿಯನ್ನು ತಾಯಿಯೆಂದೇ ಕರೆದರೂ ಅದು ಸಮ್ಯಗ್ಜ್ಞಾನವಲ್ಲ, ಸದಸತ್ತುಗಳ ವಿವೇಕವಿಲ್ಲದ ಯದೃಚ್ಛೆ ಮಾತ್ರ. ‘ಮೂಢತೆ’ ಮತ್ತೆ ಬೇರೆ. ಸಮಂತಭದ್ರರು ರತ್ನಕರಂಡಕದಲ್ಲಿ ಲೋಕ, ದೇವ, ಪಾಷಂಡಿ ಎಂದು ಅದನ್ನು ಮೂರು ಬಗೆಯಾಗಿ ಹೇಳಿದ್ದಾರೆ. ಇದು ಬುದ್ಧಿಯ ಕೊರತೆಯಲ್ಲ, ಶ್ರದ್ಧೆ ತಪ್ಪಿದ ಎಡೆ. ಅಮೂಢದೃಷ್ಟಿಗೆ ದೃಷ್ಟಾಂತಳಾದ ರೇವತೀರಾಣಿಯ ಹಿರಿಮೆಯೂ ಪಾಂಡಿತ್ಯದಲ್ಲಿಲ್ಲ, ಕಣ್ಣೆದುರಿನ ಮಾಯಾರೂಪಗಳಿಗೆ ಮರುಳಾಗದಿದ್ದುದರಲ್ಲಿದೆ.

ಆದುದರಿಂದ ಓಲೆಯಲ್ಲಿ ‘ಮರುಳ್’ ಬಂದಾಗ ‘ಬುದ್ಧಿಹೀನ’ ಎಂದು ಟಿಪ್ಪಣಿ ಬರೆಯುವವರು ಮೋಹನೀಯದ ಮಾತನ್ನು ಜ್ಞಾನಾವರಣಕ್ಕೆ ಹೊರಿಸಿದಂತಾಗುತ್ತದೆ. ಓದಿನಲ್ಲಿಯೂ ಎಚ್ಚರ ಬೇಕು: ‘ಮರುಳ್’, ‘ಮರಳ್’ಗಳಿಗೆ ಇರುವ ಭೇದವು ಒಂದು ಕೊಂಬು ಮಾತ್ರ. ಸವೆದ ಗರಿಯಲ್ಲಿ ಅದು ಅಳಿಸಿದರೆ ಭ್ರಾಂತನಾದವನು ಹಿಂದಿರುಗಿದವನಾಗುತ್ತಾನೆ. ಸಂದರ್ಭವನ್ನೂ ಪ್ರತ್ಯಂತರವನ್ನೂ ನೋಡಿಯೇ ಪಾಠವನ್ನು ನಿರ್ಣಯಿಸತಕ್ಕದ್ದು. ಮದ್ಯದ ಅಮಲು ಇಳಿಯತಕ್ಕದ್ದೆಂಬುದೇ ಆ ದೃಷ್ಟಾಂತದ ಭರವಸೆ. ಮರುಳನನ್ನು ಹುಟ್ಟುದಡ್ಡನೆಂದು ಅರ್ಥೈಸಿದರೆ ಆ ಭರವಸೆಯೇ ಪಾಠದಿಂದ ಅಳಿದುಹೋಗುವುದು.