ಗೋಧಿಯ ಹಣದಲ್ಲಿ ಕೊಂಡ ಗ್ರಂಥಗಳು

ಎರಡನೆಯ ಮಹಾಯುದ್ಧಕ್ಕೆ ಮುನ್ನ ಅಮೆರಿಕದ ವಿದ್ಯಾಪೀಠಗಳಲ್ಲಿ ಭಾರತವೆಂದರೆ ಬಹುಮಟ್ಟಿಗೆ ಸಂಸ್ಕೃತವೇ ಆಗಿತ್ತು. ವೇದ, ವ್ಯಾಕರಣ, ಹಳೆಯ ಕಾವ್ಯಗಳನ್ನು ಅಲ್ಲಿನ ಪಂಡಿತರು ಶ್ರದ್ಧೆಯಿಂದ ಓದುತ್ತಿದ್ದರು. ಆದರೆ ಹೊಲ ಉಳುವ, ಸಂತೆಗೆ ಹೋಗುವ, ಜಾತ್ರೆ ಮಾಡುವ ಭಾರತವು ಆ ಓದಿನೊಳಗೆ ಕಾಲಿಟ್ಟಿರಲಿಲ್ಲ.

ಯುದ್ಧವು ಆ ಸ್ಥಿತಿಯನ್ನು ಮುರಿಯಿತು. ದೂರದ ನಾಡುಗಳ ಭಾಷೆ, ಜನ, ರಾಜಕೀಯ ಬಲ್ಲವರು ಸರ್ಕಾರಕ್ಕೆ ಬೇಕಾದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಸ್ಕೃತ ವಿದ್ವಾಂಸ ಡಬ್ಲ್ಯೂ. ನಾರ್ಮನ್ ಬ್ರೌನ್ ಯುದ್ಧಕಾಲದ ಗುಪ್ತಚರ ಸಂಸ್ಥೆಯಲ್ಲಿ ಭಾರತದ ವಿಷಯ ನೋಡಿಕೊಂಡರು. ಪಾದ್ರಿಯ ಮಗನಾಗಿ ಬಾಲ್ಯದಲ್ಲೇ ಭಾರತವನ್ನು ಕಂಡಿದ್ದ ಅವರಿಗೆ ಒಂದು ಮಾತು ಮನದಟ್ಟಾಗಿತ್ತು: ಇಷ್ಟು ದೊಡ್ಡ ನಾಡನ್ನು ಒಂದೇ ಶಾಸ್ತ್ರದ ಕಣ್ಣಿನಿಂದ ಅಳೆಯಲಾಗದು. 1948ರಲ್ಲಿ ಅವರು ಫಿಲಡೆಲ್ಫಿಯಾದ ತಮ್ಮ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ವಿಭಾಗವನ್ನು ಸ್ಥಾಪಿಸಿದರು. ಉತ್ತರ ಅಮೆರಿಕದಲ್ಲಿ ಅಂಥ ವಿಭಾಗ ಅದೇ ಮೊದಲು. ಚರಿತ್ರೆ, ಭಾಷೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳು ಅಲ್ಲಿ ಒಂದೇ ಸೂರಿನಡಿ ಸೇರಿದವು.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞರಾದ ರಾಬರ್ಟ್ ರೆಡ್‌ಫೀಲ್ಡ್ ಮತ್ತು ಮಿಲ್ಟನ್ ಸಿಂಗರ್ ಇದೇ ಹಾದಿಯನ್ನು ಬೇರೆ ದಿಕ್ಕಿನಿಂದ ತುಳಿದರು. ಗ್ರಂಥಗಳ ಹಿರಿಯ ಪರಂಪರೆಗೂ ಹಳ್ಳಿಗಳ ಕಿರಿಯ ಪರಂಪರೆಗೂ ಇರುವ ಕೊಡುಕೊಳ್ಳುವಿಕೆಯೇ ಅವರ ಪ್ರಶ್ನೆ. 1950ರ ದಶಕದ ಮಧ್ಯಭಾಗದಿಂದ ಭಾರತೀಯ ನಾಗರಿಕತೆಯ ಪರಿಚಯವು ಅಲ್ಲಿ ಪದವಿ ವಿದ್ಯಾರ್ಥಿಗಳ ಪಾಠವಾಯಿತು. ಇತ್ತ 1957ರ ಅಕ್ಟೋಬರಿನಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ ಹಾರಿಸಿತು. ಬೆಚ್ಚಿದ ಅಮೆರಿಕ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ತಂದು, ಪರದೇಶದ ಭಾಷೆಗಳನ್ನು ಕಲಿಸುವ ಕೇಂದ್ರಗಳಿಗೆ ಹಣ ಸುರಿಯಿತು.

ಪುಸ್ತಕಗಳ ಕಥೆ ಇದಕ್ಕಿಂತಲೂ ವಿಚಿತ್ರ. 1954ರ ಪಿ.ಎಲ್. 480 ಎಂಬ ಕಾಯಿದೆಯಡಿ ಭಾರತಕ್ಕೆ ಬಂದ ಅಮೆರಿಕದ ಗೋಧಿಗೆ ಬೆಲೆ ತೆತ್ತದ್ದು ರೂಪಾಯಿಗಳಲ್ಲಿ. ಆ ರೂಪಾಯಿ ಇಲ್ಲಿಯೇ ರಾಶಿಯಾಯಿತು. ಅದರ ಒಂದು ಪಾಲಿನಿಂದ 1962ರಿಂದ ಅಮೆರಿಕ ಕಾಂಗ್ರೆಸ್ಸಿನ ಗ್ರಂಥಾಲಯವು ದೆಹಲಿಯ ತನ್ನ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸತೊಡಗಿತು. ನಮ್ಮ ಬರಗಾಲದ ಸಾಲದ ಲೆಕ್ಕದಲ್ಲಿ ಕನ್ನಡದ ಕಾದಂಬರಿ, ಕವನಸಂಕಲನಗಳೂ ಸಮುದ್ರ ದಾಟಿದವು. ಹಸಿದ ನಾಡಿನ ಅಕ್ಷರಕ್ಕೆ ಇಂಥದೊಂದು ದಾರಿ ತೆರೆಯಿತೆಂಬುದನ್ನು ನೆನೆದಾಗ ಹೆಮ್ಮೆಯೂ ನೋವೂ ಒಟ್ಟಿಗೇ ಬರುತ್ತವೆ.

ಅದೇ ಹೊತ್ತಿಗೆ ಮೈಸೂರಿನ ಎ.ಕೆ. ರಾಮಾನುಜನ್ ಷಿಕಾಗೋ ಸೇರಿದರು. ಮಹಾರಾಜಾ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿ, ಜಾನಪದ ಕಥೆಗಳನ್ನು ಕಲೆಹಾಕುತ್ತಿದ್ದವರು ಅವರು. 1962ರಲ್ಲಿ ಹಳೆಗಾಲದ ತಮಿಳಿನ ವ್ಯಾಕರಣವನ್ನು ಹುಡುಕುತ್ತ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದಾಗ, ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ್ದ ಸಂಗಂ ಕವಿತೆಗಳ ಸಂಕಲನ ಅವರ ಕೈಗೆ ಸಿಕ್ಕಿತು. ತಾಯಿನಾಡಿನ ಹಿರಿಯ ಕಾವ್ಯ ಪರದೇಶದ ಕಪಾಟಿನಲ್ಲಿ ದೊರಕಿ, ಅವರ ಬಾಳಿನ ದೊಡ್ಡ ಕೆಲಸಕ್ಕೆ ನಾಂದಿಯಾಯಿತು. 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳು ಅವರ ಇಂಗ್ಲಿಷಿನಲ್ಲಿ ಹೊರಬಂದವು. 1976ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯೂ ಅವರ ಅನುವಾದದಲ್ಲಿ ಬಂತು. ಧರ್ಮ, ಮಾನವಶಾಸ್ತ್ರ, ಸಾಹಿತ್ಯಗಳ ವಿದ್ಯಾರ್ಥಿಗಳು ಒಂದೇ ವಚನವನ್ನು ಮುಂದಿಟ್ಟುಕೊಂಡು ವಾದಿಸುವಂತಾಯಿತು. ರಾಮಾನುಜನ್ ಮಾತ್ರ ಕನ್ನಡದಲ್ಲಿ ಕವಿತೆ ಬರೆಯುವುದನ್ನು ಬಿಡಲಿಲ್ಲ. 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಪ್ರಕಟವಾಯಿತು.

ಪ್ರಭುತ್ವವು ತನ್ನ ಅಗತ್ಯಕ್ಕೆಂದು ಕಟ್ಟಿಸಿದ ಈ ವಿದ್ಯೆ ಪ್ರಭುತ್ವದ ಮಾತನ್ನಷ್ಟೇ ಆಡಿತೆಂದು ನಾನು ಒಪ್ಪಲಾರೆ. 1964ರಲ್ಲಿ ಷಿಕಾಗೋಗೆ ಬಂದ ಬರ್ನಾರ್ಡ್ ಕೋನ್ ಚರಿತ್ರೆಯನ್ನೂ ಮಾನವಶಾಸ್ತ್ರವನ್ನೂ ಬೆಸೆದು, ಬ್ರಿಟಿಷರ ಜನಗಣತಿ, ನಕ್ಷೆ, ವ್ಯಾಕರಣಗಳೆಲ್ಲ ಆಳ್ವಿಕೆಯ ಆಯುಧಗಳಾದ ಬಗೆಯನ್ನು ಬಿಡಿಸಿ ತೋರಿಸಿದರು. ಅಧಿಕಾರದ ಜ್ಞಾನವನ್ನು ಪ್ರಶ್ನಿಸುವ ಆ ಪಾಠ ಕಲಿತ ಅವರ ಶಿಷ್ಯರು, ಮುಂದೆ ತಮ್ಮದೇ ದೇಶದ ಇಂಥ ವಿಭಾಗಗಳ ಹುಟ್ಟಿನತ್ತಲೂ ಅದೇ ಪ್ರಶ್ನೆಯನ್ನು ತಿರುಗಿಸಿದರು.